ಐಸ್‌ಲ್ಯಾಂಡಿಗೆ ಮೂವರು

ಮಾರ್ಚ್ ೯, ಭಾನುವಾರ

ಅತ್ತೆಗೆ ಸ್ನಾನ, ಬೆನ್ನಿಗೆ ಪೌಡರ್, ಬಾಯಿಗೆ ಗಂಜಿ — ಎಲ್ಲ ಎಂಟಕ್ಕೇ ಮುಗಿದಿತ್ತು. ಮುಗಿಸಿದ್ದು ನನ್ನ ಓರಗಿತ್ತಿ ಶಿವಕಾಂತಕ್ಕ. ನಾನು ಫೋನಿನಲ್ಲಿ ಐಸ್‌ಲ್ಯಾಂಡಿನ ಹೋಟೆಲ್ ನೋಡುತ್ತಿದ್ದೆ. ಮದುವೆಯಾಗಿ ಹತ್ತು ವರ್ಷ. ಸೇಡಂನ ಬಿಸಿಲು, ಸಿಮೆಂಟಿನ ಧೂಳು ಸಾಕು. ಮೇ ಕೊನೆಗೆ ನಾನು, ಶರಣು. ಇಬ್ಬರೇ.

ಮಧ್ಯಾಹ್ನ ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದರು. ಚಿಂಚೋಳಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸವಂತೆ. ಅವರ ತಮ್ಮ ಮಾತಾಡಿ ಇಟ್ಟಿದ್ದಾನಂತೆ. "ನಿಮ್ಮ ಭಾವ ಹೋಗಿ ಒಂಬತ್ತ್ ವರ್ಷ ಆತು ಐಶು. ಇನ್ನ ನಾ ಹೋಗ್ತೀನವ್ವ."

ಹೋಗುತ್ತಾರಂತೆ! ಹಾಸಿಗೆ ಹಿಡಿದ ಅತ್ತೆಯನ್ನು ಯಾರ ತಲೆಗೆ ಕಟ್ಟಿ?

ಬಾಯಿಗೆ ಬಂದದ್ದು ಅಂದುಬಿಟ್ಟೆ. "ನಿಮ್ಮನ್ನೂ ಐಸ್‌ಲ್ಯಾಂಡಿಗೆ ಕರ್ಕೊಂಡ್ ಹೋಗಬೇಕಂತ ಮಾಡೀವ್ರಿ ಅಕ್ಕಾ. ಈಗ ಕೆಲಸಕ್ಕ ಸೇರಿದ್ರ ರಜಾ ಯಾರ್ ಕೊಡ್ತಾರ?"

"ನನ್ನ? ಅತ್ತಿನ್ನ ಯಾರ್ ನೋಡ್ತಾರ?"

"ಹತ್ತ್ ದಿನ ನರ್ಸ್ ಇಡ್ತೀವ್ರಿ."

ಆ ಮುಖ ನೋಡಬೇಕಿತ್ತು. ನಲವತ್ತೆಂಟರ ಹೆಂಗಸು, ಹುಡುಗಿಯ ಹಾಗೆ ನಾಚಿದರು.

ಮಾರ್ಚ್ ೧೧

ಕೆಲಸ ಬೇಡವೆಂದು ಅಕ್ಕ ತಮ್ಮನಿಗೆ ಫೋನ್ ಮಾಡಿದರು. ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಶರಣು ಸಿಡುಕಿದ — "ಸುಳ್ಳ್ ಯಾಕ ಹೇಳ್ದಿ?"

"ಹಂಗಾದ್ರ ನಿಮ್ಮವ್ವನ್ನ ನೀವೇ ನೋಡ್ಕೋರಿ."

ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದ. ನಿರೀಕ್ಷಿಸಿದ್ದೆ.

ಏಪ್ರಿಲ್ ೩

ಅಕ್ಕನನ್ನು ಕಲಬುರಗಿಗೆ ಕರೆದೊಯ್ದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದೆ. ನಾಟಕ ಮಾಡುವುದಾದರೆ ನೆಟ್ಟಗೆ ಮಾಡಬೇಕು. ದಾರಿಯುದ್ದಕ್ಕೂ ಪ್ರಶ್ನೆ. "ಅಲ್ಲಿ ಹೊತ್ತೇ ಮುಳುಗಂಗಿಲ್ಲಂತಲ್ಲ… ಸಂಜಿ ಲಿಂಗಪೂಜಿ ಯಾವಾಗ ಮಾಡ್ಬೇಕು?" ಗಡಿಯಾರ ನೋಡಿ ಮಾಡ್ರಿ ಅಂದೆ. ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದೆ.

ಏಪ್ರಿಲ್ ೨೪

ವೀಸಾಕ್ಕೆ ಬೆರಳಚ್ಚು ಕೊಟ್ಟು ಹೈದರಾಬಾದಿನಿಂದ ಬಂದೆವು. ನಾವಿಬ್ಬರೇ. ಅಕ್ಕನಿಗೆ ಹೇಳಿದ್ದು, ಯಾರದೋ ಮದುವೆ. ಅವರ ಪಾಸ್‌ಪೋರ್ಟ್ ಬಂದಿದೆ. ಏಜೆಂಟನಿಗೆ ಕೊಡಬೇಕೆಂದು ಹೇಳಿ ತೆಗೆದುಕೊಂಡು ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದೆ.

ಹಾಸ್ಟೆಲ್ಲಿನ ಕೆಲಸಕ್ಕೆ ಬೇರೆ ಯಾರೋ ಸೇರಿದರಂತೆ. ಸದ್ಯ, ಒಂದು ಚಿಂತೆ ಕಳೆಯಿತು.

ಮೇ ೧೮

ಮೂರು ದಿನದಿಂದ ರೊಟ್ಟಿ ಬಡಿಯುವ ಸದ್ದು. ಒಣಗಿಸಿದ ಗಟ್ಟಿ ಕಟಕ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಕೊಳ್ಳದೆ ನಮ್ಮಲ್ಲಿ ಯಾರೂ ದೂರದ ಊರಿಗೆ ಹೊರಡುವುದಿಲ್ಲ. ನಲವತ್ತಮೂರು ಡಿಗ್ರಿ. ಅಕ್ಕ ಒಲೆಯ ಮುಂದೆ, ಬೆವರಿನಲ್ಲಿ ತೊಯ್ದು. ಮೂರು ಮಂದಿಯ ಲೆಕ್ಕಕ್ಕೆ ಮೂರು ಗಂಟು. "ನಂದು ತೆಳ್ಳಗ ಬಡದೀನಿ ಐಶು, ನನ್ನ ಹಲ್ಲ್ ಭಾಳ ನೋಯ್ಲಿಕತ್ತಾವ."

ಹೇಳಿಬಿಡೋಣ ಅನ್ನಿಸಿತು. ಒಂದು ಕ್ಷಣ ನನ್ನ ಮೇಲೆ ನನಗೇ ಹೇಸಿಗೆ… ಆದರೆ ಹಿಂಡಿ ಕುಟ್ಟುವುದು ಇನ್ನೂ ಬಾಕಿ ಇತ್ತು.

ಮೇ ೨೩, ಬೆಳಿಗ್ಗೆ ೬

ಅಕ್ಕ ಸ್ನಾನ, ಪೂಜೆ ಮುಗಿಸಿ, ಸೂಟ್‌ಕೇಸ್ ಪಕ್ಕದಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ಈ ಸೆಖೆಯಲ್ಲಿ ಉಣ್ಣೆಯ ಸಾಕ್ಸ್!

"ಅಕ್ಕಾ, ನಿಮ್ಮ ವೀಸಾ ಬರ್ಲಿಲ್ರಿ."

"ನಂದಷ್ಟೇ ಯಾಕ?"

ಉತ್ತರ ಸಿದ್ಧವಿತ್ತು. "ಗಂಡ ಇಲ್ಲದೋರು ತಿರುಗಿ ಬರಂಗಿಲ್ಲಂತ ಅವ್ರಿಗಿ ಅನುಮಾನ ಅಂತ್ರಿ."

ಅಳುತ್ತಾರೆ, ಆಮೇಲೆ ಒಳಗೆ ಹೋಗಿ ಗಂಜಿಗೆ ಇಡುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ನನ್ನ ಮುಖವನ್ನೇ ನೋಡಿದರು. ಅತ್ತೆಯ ಕೋಣೆಗೆ ಹೋಗಿ, ಅವರ ಹೊದಿಕೆ ಸರಿ ಮಾಡಿ, ಹೊರಬಂದು ಚಪ್ಪಲಿ ಮೆಟ್ಟಿದರು.

"ಖರೇನೇ ಹೇಳ್ಯಾರ ಐಶು. ನಾ ತಿರುಗಿ ಬರಂಗಿಲ್ಲ."

ಸೂಟ್‌ಕೇಸ್ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

೭.೧೦

ಫೋನ್ ಎತ್ತುತ್ತಿಲ್ಲ. ನರ್ಸನ್ನು ಗೊತ್ತು ಮಾಡಿರಲೇ ಇಲ್ಲ, ಅಕ್ಕ ಇದ್ದೇ ಇರುತ್ತಾರಲ್ಲ ಎಂದು. ಟ್ರಿಪ್ ಬಿಡೋಣ ಅಂತ ಶರಣು ಹೇಳುತ್ತಾನೆಂದು ಕಾದೆ. ಅವನು ಬಗ್ಗಿ ಶೂ ಕಟ್ಟುತ್ತ — "ಇಬ್ಬರದೂ ಹಾಳ್ ಮಾಡೂದ್ ಯಾಕ? ನೀ ಇರು. ಫೋಟೋ ಕಳಸ್ತೀನಿ."

ಗಾಡಿ ಹೋಯಿತು.

ಅತ್ತೆ ಕೂಗುತ್ತಿದ್ದಾರೆ. ಹಾಸಿಗೆ ಒದ್ದೆಯಾಗಿರಬೇಕು. "ಶಿವಕಾಂತಾ… ಏ ಶಿವಕಾಂತಾ…" ನನ್ನ ಹೆಸರು ಬಾಯಿಗೆ ಬರುತ್ತಿಲ್ಲ. ಹೋಗಬೇಕು. ಮೊದಲು ಅವರ ಸೀರೆ ಬಿಚ್ಚಬೇಕೋ, ಹಾಸಿಗೆ ತೆಗೆಯಬೇಕೋ… ಒಬ್ಬಳೇ ಅವರನ್ನು ಹೇಗೆ ಎತ್ತುವುದು, ಅಕ್ಕ ಹೇಗೆ ಎತ್ತುತ್ತಿದ್ದರು, ಒಂದು ದಿನವೂ ನಾನು—