ಬೋರ್ಡ್ ಮುಟ್ಟದ ಟೀಚರ್

ಜುಲೈ 8

ಒಂಬತ್ತನೇ ಕ್ಲಾಸು, ಮೊದಲನೇ ಪೀರಿಯಡ್. ಹಾಜರಿ ಕೂಗಿ ಮುಗಿಸಿದೆ. ಬೋರ್ಡಿನ ಮೇಲೆ ಬರೆದೆ: x² + 5x + 6, ಅಪವರ್ತಿಸಿ. ಎರಡನೇ ಸಾಲಿಗೆ ಕೈ ಎತ್ತಿದೆ — ಸಾಲು ಬರಲೇ ಇಲ್ಲ. ಇಷ್ಟು ವರ್ಷ ನಿದ್ದೆಗಣ್ಣಲ್ಲಿ ಕೇಳಿದರೂ ಬಿಡಿಸುತ್ತಿದ್ದ ಲೆಕ್ಕ. ನಡುವಿನ 5x ಒಡೆಯಬೇಕು, ಅಷ್ಟು ಗೊತ್ತು. ಹೇಗೆ, ಯಾಕೆ... ಖಾಲಿ.

ಹಿಂದೆ ಪಿಸಪಿಸ ಶುರು. ಬೇಕೆಂದೇ ನಿಲ್ಲಿಸಿದವಳ ಹಾಗೆ ಮುಖ ಮಾಡಿಕೊಂಡು ತಿರುಗಿದೆ. "ಮುಂದೇನು?" ಅಂದೆ.

ಮುಂದಿನ ಬೆಂಚಿನ ಯಾಕಮ್ಮ ಎದ್ದಳು. ನಿಜವಾದ ಹೆಸರು ಬೇರೆ. ಮಾತುಮಾತಿಗೂ "ಯಾಕೆ ಟೀಚರ್?" ಅನ್ನುವವಳಿಗೆ ನಾನೇ ಇಟ್ಟ ಹೆಸರು. ಚಾಕ್ ಕೊಟ್ಟೆ. 2x, 3x ಎಂದು ಒಡೆದು ಪಟಪಟನೆ ಬರೆದಳು. ಅವಳು ಬರೆದ ಮೇಲೆ ನನಗೂ ಎಲ್ಲ ನೆನಪಾಯಿತು. ಹೋದ ಜೀವ ಬಂದಂತಾಯಿತು.

ನಿದ್ದೆ ಸಾಲದು. ಅಷ್ಟೇ.

ಜುಲೈ 12

ಅಷ್ಟೇ ಅಲ್ಲ. ಇವತ್ತು ಎರಡು ಸಲ. ಎರಡು ಸಲವೂ ಅದೇ ಉಪಾಯ — ಚಾಕ್ ಮಕ್ಕಳ ಕೈಗೆ, ನಾನು ಹಿಂದಿನ ಬೆಂಚಿಗೆ. "ಮುಂದೇನು? ಯಾರು ಒಪ್ತೀರಿ? ಯಾರು ಒಪ್ಪಲ್ಲ?" ಮಕ್ಕಳಿಗೆ ಖುಷಿಯೋ ಖುಷಿ. ನನಗೆ ಕಂಕುಳೆಲ್ಲ ಬೆವರು.

ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಪಾತ್ರೆ ಸೀದು ಕರ್ರಗಾಯಿತು. "ಏನೇ, ಲೋಕದ ಮಕ್ಕಳಿಗೆಲ್ಲ ಲೆಕ್ಕ ಕಲಿಸ್ತೀಯ, ಹಾಲಿನ ಲೆಕ್ಕ ತಪ್ಪಿತಾ?" ಎಂದು ಇವರು ನಕ್ಕರು. ನಾನೂ ನಕ್ಕೆ.

ಇವರಿಗೆ ಹೇಳಲಾ? ಬೇಡ. ಬಾಯಿ ಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ.

ಆಗಸ್ಟ್ 2

ಇವತ್ತು ಸಿಕ್ಕಿಬಿದ್ದೆ ಅಂದುಕೊಂಡೆ. ಒಬ್ಬ ಹುಡುಗ ಬಂದು ಅದೇ ಹಾಳು x² + 5x + 6ಕ್ಕೆ (x + 2)(x − 3) ಅಂತ ಬರೆದ. ನೋಡಿದೆ. ಸರಿ ಅಂತಲೇ ಕಂಡಿತು. ದೇವರಾಣೆ, ಸರಿ ಅಂತಲೇ ಕಂಡಿತು! "ಎಲ್ಲರಿಗೂ ಒಪ್ಪಿಗೆನಾ?" ಅಂದೆ. ಅರ್ಧ ಕ್ಲಾಸು ತಲೆಯಾಡಿಸಿತು.

"ಟೀಚರ್, ವಾಪಸ್ ಗುಣಿಸಿ ನೋಡಿದ್ರೆ ಮೈನಸ್ ಆರು ಬರುತ್ತೆ. ಯಾಕೆ?" ಯಾಕಮ್ಮ ಎದ್ದು ನಿಂತಿದ್ದಳು. ಶುರುವಾಯಿತು ಜಗಳ. ಇಬ್ಬರು ಬೋರ್ಡಿಗೆ ಓಡಿದರು. ಹತ್ತು ನಿಮಿಷ ಕಿತ್ತಾಡಿ ತಾವೇ ತಿದ್ದಿಕೊಂಡರು.

ಬಾಗಿಲಲ್ಲಿ ಹೆಡ್‌ಮಾಸ್ಟರ್! ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೊರಗೆ ಕರೆದರು. "ಅಬ್ಬಾ ಮೇಡಂ! ತಪ್ಪು ಅಂತ ಗೊತ್ತಿದ್ದೂ ಮುಖದಲ್ಲಿ ಒಂದಿಷ್ಟೂ ತೋರಿಸಲಿಲ್ವಲ್ಲ! ಇದೇ ರೀ ಹೊಸ ಪದ್ಧತಿ ಅಂದ್ರೆ!"

ಥ್ಯಾಂಕ್ಯೂ ಸರ್ ಅಂದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಗಸ್ಟ್ 7

ಕಾಮರ್ಸ್ ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ಅಡ್ಡಗಟ್ಟಿದರು. ಹೆಡ್‌ಮಾಸ್ಟರ್ ಎಲ್ಲರಿಗೂ ನನ್ನ "ಪದ್ಧತಿ" ಅನುಸರಿಸಲು ಹೇಳಿದ್ದಾರಂತೆ. "ಅಲ್ಲಾ ಮೇಡಂ, ಡೆಬಿಟ್ ಯಾವುದು ಕ್ರೆಡಿಟ್ ಯಾವುದು ನೀವೇ ಹೇಳ್ರೋ ಅಂತ ಹಿಂದೆ ಹೋಗಿ ಕೂತೆ. ನಾನು ಸುಮ್ಮನೆ ಕೂತ್ರೆ ಮಕ್ಕಳು ನನ್ನ ತಲೆ ಮೇಲೆ ಕೂತ್ಕೋತಾವೆ! ಐದು ನಿಮಿಷಕ್ಕೆ ಬಾಯಿ ತಡೀಲಿಲ್ಲ, ಉತ್ತರ ಹೇಳ್ಬಿಟ್ಟೆ. ನೀವು ಹೇಗೆ ತಡ್ಕೋತೀರಿ? ಗುಟ್ಟೇನು ಹೇಳಿ."

ಉತ್ತರ ಗೊತ್ತಿದ್ದರೆ ತಾನೇ ನಾಲಿಗೆ ತುರಿಸುವುದು. ಹಾಗನ್ನಲಿಲ್ಲ. ಅಭ್ಯಾಸ ಆಗುತ್ತೆ ಬಿಡಿ ಅಂದೆ.

ಒಂದು ಮಾತು ಮಾತ್ರ ನಿಜ. ಮಕ್ಕಳು ಕಲಿಯುತ್ತಿದ್ದಾರೆ. ಟೆಸ್ಟಿನಲ್ಲಿ ಯಾವತ್ತೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ. ನಾನು ಸರಿ-ತಪ್ಪು ಹೇಳುವುದಿಲ್ಲವಲ್ಲ, ಪಾಪ, ತಾವೇ ಎರಡೆರಡು ಸಲ ನೋಡಿಕೊಳ್ಳುತ್ತಾರೆ. ಉತ್ತರ ಪತ್ರಿಕೆ ತಿದ್ದುವಾಗ ಪಕ್ಕದಲ್ಲಿ ಉತ್ತರದ ಪುಸ್ತಕ ತೆರೆದಿಟ್ಟುಕೊಂಡಿದ್ದೆ. ಆದರೂ ಒಂದೊಂದನ್ನೂ ಮೂರು ಸಲ ನೋಡಿದೆ.

ಆಗಸ್ಟ್ 19

ಗ್ರಹಚಾರ. ಮಾದರಿ ಪಾಠವಂತೆ. ಬೇರೆ ಶಾಲೆಗಳ ಗಣಿತ, ವಿಜ್ಞಾನ, ಕಾಮರ್ಸ್ ಟೀಚರುಗಳೆಲ್ಲ ಬಂದು ನನ್ನ ಕ್ಲಾಸು ನೋಡುತ್ತಾರೆ. ಮೇಲಿನಿಂದ ಒಬ್ಬ ಅಧಿಕಾರಿ ಬೇರೆ. ಜ್ವರ ಅಂತ ರಜೆ ಹಾಕಲೇ? ಹಾಕಿದರೆ ಮುಂದೂಡುತ್ತಾರೆ, ಬಿಡುವುದಿಲ್ಲ.

ಸಂಜೆ ಪೇಪರಿನ ಅಂಚಿನಲ್ಲಿ ಎಂಟರ ಮಗ್ಗಿ ಬರೆದೆ. ಪೂರ್ತಿ ಬಂತು. ಕೈ ಮುಗಿದೆ. ಮತ್ತೆ ಬರೆದೆ. ಎಂಟೇಳಲ ಹತ್ತಿರ ನಿಂತುಹೋಯಿತು. ಪೇಪರು ಚೂರುಚೂರು ಮಾಡಿದೆ. ಇವರು ರಾಶಿಭವಿಷ್ಯ ಓದಬೇಕಿತ್ತು ಅಂತ ಹುಡುಕುತ್ತಿದ್ದರು.

ಆಗಸ್ಟ್ 28

ಮುಗಿಯಿತು.

ಗೋಡೆಯುದ್ದಕ್ಕೂ ಕುರ್ಚಿ ಹಾಕಿಕೊಂಡು ಟೀಚರುಗಳು. ಮಕ್ಕಳು ಎಂದಿನಂತೆ — ಬರೆದರು, ಜಗಳವಾಡಿದರು, ಅಳಿಸಿದರು. ನಾನು ಹಿಂದೆ ಕೂತು ಮುಂದೇನು, ಮುಂದೇನು ಅನ್ನುತ್ತಿದ್ದೆ. ಚಪ್ಪಾಳೆ. ಅಧಿಕಾರಿ ಎದ್ದರು. "ಇಷ್ಟು ವರ್ಷ ಆದ್ಮೇಲೂ ಈ ಉತ್ಸಾಹ ಎಲ್ಲಿಂದ ಬರುತ್ತೆ ಮೇಡಂ? ನಿಮಗೆ ಪ್ರೇರಣೆ ಏನು?"

ಹೆದರಿಕೆ ಸ್ವಾಮಿ. ನಾಲಿಗೆಯ ತುದಿಗೆ ಬಂದಿತ್ತು. "ಮಕ್ಕಳು ಸರ್" ಅಂದೆ.

"ಕೊನೆಯದಾಗಿ ಒಂದು. ತಂದೆ ವಯಸ್ಸು ಮಗಳ ವಯಸ್ಸಿನ ಮೂರರಷ್ಟು, ಹನ್ನೆರಡು ವರ್ಷ ಆದ್ಮೇಲೆ ಎರಡರಷ್ಟು. ಇದನ್ನ ನೀವೇ ಬಿಡಿಸಿ ತೋರಿಸಿ, ಹಳೇ ಪದ್ಧತೀಲಿ. ಎರಡಕ್ಕೂ ಇರೋ ವ್ಯತ್ಯಾಸ ಎಲ್ಲರಿಗೂ ಗೊತ್ತಾಗಲಿ."

ಚಾಕ್ ಕೈಗೆ ಬಂತು. ಬೋರ್ಡಿನ ತನಕ ಹೇಗೆ ಹೋದೆನೋ. ತಂದೆ. ಮಗಳು. ಮೂರರಷ್ಟು ಯಾರು? ಬೆನ್ನಿಗೆ ಅಷ್ಟೂ ಕಣ್ಣು ಚುಚ್ಚುತ್ತಿದ್ದವು. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಸರ್, ಟೀಚರ್ ಬೋರ್ಡ್ ಮುಟ್ಟೋ ಹಾಗಿಲ್ಲ." ಯಾಕಮ್ಮ. "ನಮ್ಮ ಕ್ಲಾಸಲ್ಲಿ ಅದು ರೂಲು. ಟೀಚರ್ ಬರೆದ್ರೆ ನಾವು ಯೋಚನೆ ಮಾಡೋದು ನಿಲ್ಲಿಸ್ಬಿಡ್ತೀವಿ."

"ಹೌದು ಸರ್! ರೂಲು ಸರ್!" ಇಡೀ ಕ್ಲಾಸು. ಅಂಥ ರೂಲು ನಾನು ಯಾವತ್ತೂ ಮಾಡಿರಲಿಲ್ಲ. ಅವಳು ಬಂದು ನನ್ನ ಬೆರಳು ಬಿಡಿಸಿ ಚಾಕ್ ತೆಗೆದುಕೊಂಡಳು. ಮಗಳಿಗೆ ಹನ್ನೆರಡು, ತಂದೆಗೆ ಮೂವತ್ತಾರು. ಅಧಿಕಾರಿ ಬಿದ್ದುಬಿದ್ದು ನಕ್ಕರು. ಮತ್ತೆ ಚಪ್ಪಾಳೆ.

ಹಾಗಾದರೆ ಮಕ್ಕಳಿಗೆ ಗೊತ್ತು. ಎಲ್ಲರಿಗೂ ಗೊತ್ತು.

ಆಗಸ್ಟ್ 29

ಊಟದ ಬೆಲ್ ಆದ ಮೇಲೆ ಅವಳನ್ನು ನಿಲ್ಲಿಸಿಕೊಂಡೆ. ಬೈಯಬೇಕು ಅಂತಿದ್ದೆ. ಬಾಯಿಂದ ಬಂದದ್ದು, "ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ, ಟೀಚರ್." ನೆಲ ನೋಡುತ್ತಿದ್ದಳು. "ನಮ್ಮಜ್ಜಿಗೂ ಹೀಗೇ ಶುರುವಾಗಿದ್ದು. ಅಜ್ಜೀನೂ ಯಾರಿಗೂ ಹೇಳಲಿಲ್ಲ. ಆಮೇಲೆ ತುಂಬಾ ಲೇಟಾಯ್ತು ಅಂದ್ರು ಡಾಕ್ಟ್ರು." ತಲೆ ಎತ್ತಿದಳು. "ಯಾಕೆ ಟೀಚರ್ ಹೇಳಲ್ಲ ಯಾರಿಗೂ?"

ಈ ಯಾಕೆಗೆ ಯಾರನ್ನೂ ಬೋರ್ಡಿಗೆ ಕಳಿಸುವ ಹಾಗಿರಲಿಲ್ಲ. ಹೆದರಿಕೆ ಕಣೇ ಅಂದೆ. ಇಷ್ಟು ದೊಡ್ಡವಳು, ಅಷ್ಟು ಚಿಕ್ಕವಳ ಮುಂದೆ ಅತ್ತುಬಿಟ್ಟೆ.

ಸಂಜೆ ಇವರಿಗೆ ಹೇಳಿದೆ. ನಗಲಿಲ್ಲ. ಎದ್ದು ಹೋಗಿ ಒಲೆ ಆರಿದೆಯೋ ಇಲ್ಲವೋ ನೋಡಿ ಬಂದು, ಪಕ್ಕದಲ್ಲಿ ಕೂತರು.

ಸೆಪ್ಟೆಂಬರ್ 16, ಬೆಳಗ್ಗೆ 10.40

ಆಸ್ಪತ್ರೆ. ಉದ್ದನೆಯ ಬೆಂಚು, ಫಿನಾಯಿಲ್ ವಾಸನೆ. ಇವರು ಚೀಟಿ ತರಲು ಹೋಗಿದ್ದಾರೆ. ನನಗಿಂತ ಮುಂಚೆ ಒಳಗೆ ಹೋಗಿ ಬಂದವರು ಹೇಳಿದರು, ಡಾಕ್ಟರು ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅನ್ನುತ್ತಾರಂತೆ. ಇಷ್ಟೇನಾ! ಆರನೇ ಕ್ಲಾಸಿಗೆ ನಾನೇ ಆಡಿಸುತ್ತಿದ್ದ ಆಟ. ಇಲ್ಲೇ ಒಂದು ಸಲ ಬರೆದು ನೋಡುತ್ತೇನೆ.

ನೂರು. ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು.

ಎಪ್ಪತ್ತೊಂಬತ್ತು.

ಎಪ್ಪತ್ತೊಂಬತ್ತರಲ್ಲಿ ಏಳು ಹೋದರೆ...

ಮುಂದೇನು?