ಹದಿನೆಂಟನೇ ತಾರೀಖಿಗೆ ನೀವು ಬರಬೇಕು

ಪಾಲಬಾವಿ
ಸೋಮವಾರ, 3-2-2025

ಕೋಮಲಳ ಅಪ್ಪನಿಗೆ,

ಉಜ್ವಲಾ ಮಾಡುವ ನಮಸ್ಕಾರ. ಇಲ್ಲಿ ಮೂವರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಅತ್ತೆಗೆ ಮೊಣಕಾಲು ನೋವು, ನನಗೆ ಸಿಟ್ಟು, ಮಗಳ ಸುದ್ದಿ ಕೆಳಗೆ ಬರೆದಿದ್ದೇನೆ. ಇದಕ್ಕೆ ಕ್ಷೇಮ ಎನ್ನುವುದಾದರೆ ಕ್ಷೇಮ.

ಕಿಸೆಯಲ್ಲಿ ಫೋನಿರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನಗಬೇಡಿ. ಫೋನಿನಲ್ಲಿ ನಾನು ಕೋಮಲಳ ಹೆಸರೆತ್ತಿದರೆ ಸಾಕು, ನಿಮ್ಮ ಕುರಿಗಳೆಲ್ಲ ಒಮ್ಮೆಲೇ ಯಾರದೋ ಜೋಳದ ಹೊಲಕ್ಕೆ ನುಗ್ಗುತ್ತವೆ. "ಆಮ್ಯಾಲ ಹಚ್ಚತೀನಿ" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ವಾರವಾರ ನಿಮಗೆ ಹಿಟ್ಟು, ಖಾರ ತರುವ ನಿಮ್ಮ ತಮ್ಮ ಭೀಮಸಿಯ ಕೈಯಲ್ಲೇ ಕಳಿಸಿದ್ದೇನೆ. ಅಣ್ಣ ಓದಿ ಮುಗಿಸುವ ತನಕ ಅಲ್ಲಿಂದ ಏಳಬೇಡ ಎಂದೂ ಹೇಳಿದ್ದೇನೆ.

ವಿಷಯ ಒಂದೇ. ಇದೇ ಹದಿನೆಂಟಕ್ಕೆ, ಮಂಗಳವಾರ, ಬೆಳಗಾವಿಯಲ್ಲಿ ಡಾಕ್ಟರುಗಳ ಕಮಿಟಿ ಕೋಮಲಳನ್ನು ನೋಡಿ ಸರ್ಟಿಫಿಕೇಟ್ ಕೊಡುತ್ತದೆ. ಅದಿದ್ದರೆ ಮಾತು ಕಲಿಸುವವರ ಹತ್ತಿರ ಹೆಸರು ಹಚ್ಚಬಹುದು. ಜೂನಿಗೆ ಅವಳಿಗೆ ಆರು ತುಂಬುತ್ತದೆ, ಶಾಲೆಯಲ್ಲಿ ಕೇಳುವುದಕ್ಕೆ ನಮಗೂ ಒಂದು ಬಾಯಿ ಬರುತ್ತದೆ. ಈ ಸಲ ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೋ ಅವರಿಗೇ ಗೊತ್ತಿಲ್ಲ. ನೀವು ಬರಬೇಕು.

ಅಂಗನವಾಡಿಯ ನೀಲಮ ಟೀಚರು ಎರಡು ವರ್ಷದ ಹಿಂದೆಯೇ ಬಾಗಿಲಿಗೆ ಬಂದು ಹೇಳಿದ್ದರು. "ಹೆಸರ ಹಿಡದ ಕೂಗಿದ್ರ ಹೊಳ್ಳಿ ನೋಡಂಗಿಲ್ರಿ. ಆದ್ರ ಅಲ್ಲೆಲ್ಲೋ ಗಿರಣಿ ಶುರುವಾದ್ರ ಕಿವಿ ಮುಚ್ಚಕೊಂತಾಳ. ಕಿವಿ ಚೊಲೋ ಅದಾವು, ಬ್ಯಾರೆ ಏನೋ ಐತಿ. ಡಾಕ್ಟರಿಗೆ ತೋರಸ್ರಿ" ಎಂದರು. ನಾವೇನು ಮಾಡಿದೆವು? ನೀವು "ನಾನೂ ತಡಾ ಮಾಡಿ ಮಾತಾಡಿದಾಂವ" ಎಂದು ಕುರಿಯ ಹಿಂದೆ ಹೋದಿರಿ. ಅತ್ತೆ "ನಮ್ಮ ಮನೀ ಹೆಣ್ಣಮಕ್ಕಳು ಮೊದಲಿಂದ ಸಂಭಾವಿತರು" ಎಂದರು. ನಾನು ನೀಲಮರ ಮೇಲೆ ಮುನಿಸಿಕೊಂಡು ಒಂದು ತಿಂಗಳು ಮಗಳನ್ನು ಅಂಗನವಾಡಿಗೇ ಕಳಿಸಲಿಲ್ಲ.

ಇನ್ನೂರು ಕುರಿಯೊಳಗೆ ಯಾವ ಮರಿ ಹಾಲು ಕುಡಿದಿಲ್ಲ ಎಂದು ದೂರದಿಂದ ನೋಡಿ ಹೇಳುವವರು ನೀವು. ನೀರು ಬೇಕಾದರೆ ಬಾಯಿಬಿಟ್ಟು ಕೇಳದೆ ನಮ್ಮ ಮಣಿಕಟ್ಟು ಹಿಡಿದು ಕೊಡದ ಹತ್ತಿರ ಎಳೆದೊಯ್ಯುವ ಮಗಳು ನಿಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ?

ಬಿದ್ದದ್ದು ಬೇರೆಯವರ ಕಣ್ಣಿಗೆ. ಹಣೆಗೆ ಭಂಡಾರದ ಅರಿಶಿನ ಹಚ್ಚಿದರೆ ಚೀರುತ್ತಾಳೆ, ಕಂಬಳಿ ಹೊಚ್ಚಿದರೆ ಕಿತ್ತೆಸೆಯುತ್ತಾಳೆ, ಡೊಳ್ಳಿನ ಸಪ್ಪಳ ಕೇಳಿದರೆ ಓಡುತ್ತಾಳೆ. ಹಾಲಮತದ ಕುರುಬರ ಮನೆಯಲ್ಲಿ ಹುಟ್ಟಿದ ಕೂಸಿಗೆ ಈ ಮೂರೂ ಆಗದಿದ್ದರೆ ಅದರ ಮೈಯಲ್ಲಿ ಬೇರೇನೋ ಹೊಕ್ಕಿದೆ ಎಂದು ಮಾಯಪ್ಪ ಪೂಜಾರಿ ಹೇಳಿದ. ನಿಮ್ಮ ಅವ್ವ ಹೌದೆಂದರು. ಮಹಾನವಮಿ ಅಮಾವಾಸ್ಯೆಯ ದಿನ ಅವರೇ ಕೂಸನ್ನು ಎತ್ತಿಕೊಂಡು ಗುಡಿಗೆ ನಡೆದರು. ಕಂಬಳಿಯ ಮೇಲೆ ಕೂರಿಸಿ, ಡೊಳ್ಳು ಬಾರಿಸುತ್ತ, ಕೈ ಗಟ್ಟಿಯಾಗಿ ಹಿಡಿದು ಮುಖಕ್ಕೆಲ್ಲ ಭಂಡಾರ ತಿಕ್ಕಿದರು. ಚೀರಿ ಚೀರಿ ದನಿ ಬಿದ್ದುಹೋಗಿ ಸುಮ್ಮನಾದಳು. "ಬಿಟ್ಟ ಹೋತು ನೋಡ್ರಿ" ಎಂದು ಎಲ್ಲರೂ ಕೈಮುಗಿದರು. ನೀವೂ ಫೋನಿನಲ್ಲಿ "ಚೊಲೋ ಆತು" ಎಂದಿರಿ.

ನನಗೆ ಚಲೋ ಅನ್ನಿಸಲಿಲ್ಲ. ದೀಪಾವಳಿ ಮುಗಿದ ಮೇಲೆ ನೀಲಮರನ್ನು ಬೇಡಿಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ. ಅವರ ಜೊತೆ ಮಗಳನ್ನು ಮಿರಜಕ್ಕೆ ಒಯ್ದೆ. ಅಲ್ಲಿಯ ಡಾಕ್ಟರ್ ಎರಡು ತಾಸು ಅವಳ ಜೊತೆ ನೆಲದ ಮೇಲೆ ಕೂತರು. ಆಮೇಲೆ ಮರಾಠಿಯಲ್ಲಿ "ಹಿಲಾ ಆಟಿಝಮ್ ಆಹೆ. ಹೇ ವೇಡ ನಾಹಿ" ಎಂದರು. ಇವಳಿಗೆ ಆಟಿಸಂ ಇದೆ, ಇದು ಹುಚ್ಚಲ್ಲ ಎಂದು. ನಮಗೆ ಕಂಬಳಿ ಬೆಚ್ಚಗೆ, ಅವಳಿಗೆ ಮೈತುಂಬ ಮುಳ್ಳು. ಭಂಡಾರ ಉರಿಯುತ್ತದೆ, ಡೊಳ್ಳು ಎದೆಗೇ ಬಡಿಯುತ್ತದೆ. ಅಷ್ಟೇ. ದೇವರ ಮೇಲೆ ಅವಳಿಗೇನೂ ಸಿಟ್ಟಿಲ್ಲ. ಯಾರಾದರೂ ಒತ್ತಾಯದಿಂದ ಹಿಡಿದದ್ದು, ಹೆದರಿಸಿದ್ದು ಉಂಟೇ ಎಂದು ಡಾಕ್ಟರ್ ಕೇಳಿದರು. ಮನೆಯವರು ಒಮ್ಮೆ, ಎಂದೆ.

ರೋಗಕ್ಕೆ ಹೆಸರು ಸಿಕ್ಕಿತು, ಇನ್ನು ದಾರಿ ಸಿಕ್ಕಂತೆ ಎಂದುಕೊಂಡೆನಲ್ಲ, ನನ್ನಂಥ ದಡ್ಡಿ ಇಲ್ಲ. ಸರ್ಟಿಫಿಕೇಟಿಗೆ ಅರ್ಜಿ ಕೊಡಲು ಹೋದರೆ ಆಫೀಸಿನವನು ಮಿರಜದ ಡಾಕ್ಟರ ಚೀಟಿಯನ್ನು ಎರಡು ಬೆರಳಲ್ಲಿ ಎತ್ತಿ, "ಇದು ಮಹಾರಾಷ್ಟ್ರದ್ದ ಐತ್ರಿ, ನಮ್ಮಲ್ಲಿ ನಡಿಯಂಗಿಲ್ಲ" ಎಂದ. ಹೊಳೆ ದಾಟಿದರೆ ಮಗಳ ರೋಗ ಬದಲಾಗುತ್ತದೇನ್ರಿ ಎಂದು ಕೇಳಿದೆ. ಊಟಕ್ಕೆ ಎದ್ದು ಹೋದ. ಮುಂದಿನ ಸಲ ಫೋಟೋ ಚಿಕ್ಕದು, ಅದರ ಮುಂದಿನ ಸಲ ಸಾಹೇಬರು ಮೀಟಿಂಗಿನಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಐದನೇ ಸಲ ಅವನ ಟೇಬಲ್ಲಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ, ಆಗ ಜನವರಿ ಏಳನೇ ತಾರೀಖು ಕೊಟ್ಟ.

ಆ ದಿನ ಡಾಕ್ಟರು ರಜೆಯಲ್ಲಿದ್ದರು ಎಂದು ನಿಮಗೆ ಫೋನಿನಲ್ಲಿ ಹೇಳಿದ್ದೆ. ಸುಳ್ಳು. ನಾವು ದವಾಖಾನೆ ಮುಟ್ಟಲೇ ಇಲ್ಲ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಹಾರ್ನಿನ ಗದ್ದಲಕ್ಕೆ ಕೋಮಲ ಕಿವಿ ಮುಚ್ಚಿಕೊಂಡಳು. ಹಿಡಿದುಕೊಳ್ಳಲಿ ಎಂದು ಕೈ ಚಾಚಿದೆ. ನನ್ನ ಕೈ ನೋಡಿ ಹಿಂದೆ ಸರಿದವಳು ಎರಡು ಬಸ್ಸಿನ ನಡುವೆ ಓಡಿದಳು. ಡ್ರೈವರ್ ಬ್ರೇಕ್ ಒತ್ತಿದ. ಒತ್ತಿರದಿದ್ದರೆ ಈ ಕಾಗದ ಬೇರೆಯೇ ಆಗಿರುತ್ತಿತ್ತು. ಮಧ್ಯಾಹ್ನದ ತನಕ ಪೇಪರ್ ಅಂಗಡಿಯ ಹಿಂದೆ ಗೋಡೆಗೆ ಮುಖಮಾಡಿ ಕೂತಳು. ನಾನು ಮೂರು ಮೊಳ ದೂರ ಕೂತಿದ್ದೆ. ಹಾಗೇ ತಿರುಗಿ ಬಂದೆವು. ಮತ್ತೆ ಆಫೀಸಿಗೆ ಅಲೆದು ಈ ಹದಿನೆಂಟನೇ ತಾರೀಖು ಪಡೆದೆ.

ನಿಮ್ಮ ಕಿರುಬೆರಳು ಹಿಡಿದರೆ ಅವಳು ಎಲ್ಲಿಗಾದರೂ ಬರುತ್ತಾಳೆ, ಇದು ನಿಮಗೂ ಗೊತ್ತು. ನನ್ನ ಕೈ ಯಾಕೆ ಆಗದೋ, ಅವಳನ್ನೇ ಕೇಳಬೇಕು. ನೀವು ಕುರಿ ಮೇಯಿಸುತ್ತಿರುವ ಕೊಕಟನೂರೇನು ಏಳು ಸಮುದ್ರದ ಆಚೆ ಇಲ್ಲ. ಒಂದು ದಿನ ಕುರಿ ಭೀಮಸಿ ಕಾಯುತ್ತಾನೆ. ಕುರಿಗೆ ನೀವಿಲ್ಲದೆ ನಡೆಯುತ್ತದೆ, ಮಗಳಿಗೆ ನಡೆಯುವುದಿಲ್ಲ. ಇದಕ್ಕೂ "ಆಮ್ಯಾಲ" ಎಂದರೆ ನಾನು ಇನ್ನು ಕೇಳುವವಳಲ್ಲ.

ಇಂತಿ ನಿಮ್ಮ
ಉಜ್ವಲಾ

ತಾ.ಕ.: ಕಾಗದವನ್ನು ಭೀಮಸಿಗೆ ಕೊಟ್ಟವಳು ಮತ್ತೆ ಇಸಿದುಕೊಂಡೆ. ಕೈ ಗಟ್ಟಿಯಾಗಿ ಹಿಡಿದು ಎಂದು ಬರೆದಿದ್ದೇನೆ, ಹಿಡಿದವರು ಯಾರೆಂದು ಬರೆದಿಲ್ಲ. ನೀವು ಅತ್ತೆ ಎಂದುಕೊಂಡಿರುತ್ತೀರಿ. ನಾಲ್ಕು ತಿಂಗಳಿಂದ ಹಾಗೆ ಅಂದುಕೊಳ್ಳಲು ಬಿಟ್ಟವಳು ನಾನೇ. ಅತ್ತೆ ಮೊದಲನೇ ಚೀರಿಗೇ ಕೈ ಬಿಟ್ಟರು. "ಸಾಕ ಬಿಡ್ರೋ, ಕೂಸ ಸಾಯತೈತಿ" ಎಂದು ಅಳುತ್ತ ಹೊರಗೆ ಹೋದರು. ಅವರು ಬಿಟ್ಟ ಕೈಗಳನ್ನು ನಾನು ಹಿಡಿದೆ. ಮಾತು ಬಂದೀತು ಎಂಬ ಆಸೆಗೆ, ಅವಳು ಸುಮ್ಮನಾಗುವ ತನಕ ಬಿಡಲಿಲ್ಲ. ಅಂದಿನಿಂದ ನೀರು ಬೇಕಾದರೆ ಅತ್ತೆಯ ಮಣಿಕಟ್ಟನ್ನೇ ಹಿಡಿಯುತ್ತಾಳೆ. ಹದಿನೆಂಟಕ್ಕೆ ಡಾಕ್ಟರು ಕೇಳಿದರೆ ಇದನ್ನು ನಾನೇ ಹೇಳುತ್ತೇನೆ. ನೀವು ಅವಳನ್ನು ಕರೆದುಕೊಂಡು ಮುಂದೆ ನಡೆಯಿರಿ, ನಾನು ಹಿಂದೆ ಬರುತ್ತೇನೆ.