ರ‍್ಯಾಂಪಿಗೆ ಮರಳು ಹಾಕು

ಧರ್ಮೇಶ,

ನಿನ್ನ ಹೆಂಡ್ತಿ ಜೊತೆ ಆಟೋದಲ್ಲಿ ಬೇಲೂರಿಗೆ ಹೊರಟಿದ್ದೀನಿ.

ಅಂಬೇಡ್ಕರ್ ಜಯಂತಿಯ ಕಮಾನಿಗೆ ತಂದು ಉಳಿದಿದ್ದ ನೀಲಿ ಪೇಂಟನ್ನ ನನ್ನ ರ‍್ಯಾಂಪಿಗೆ ಬಳಿದೆಯಲ್ಲ, ನೋಡೋಕೆ ಚೆನ್ನಾಗೇ ಇದೆ. ಆದರೆ ನಿನ್ನೆ ವೀಲ್‌ಚೇರು ಅದರ ಮೇಲೆ ಸರ್ರನೆ ಜಾರಿ, ಎದುರುಮನೆ ಸಿದ್ದಬಸಪ್ಪನವರ ತೆಂಗಿನ ಮಟ್ಟೆ ರಾಶಿಗೆ ನುಗ್ತು. “ಹಾರ್ನಾದ್ರೂ ಹೊಡೀಬಾರದಾ ಮುತ್ತಮ್ಮ?” ಅಂದ್ರು.

ಇವತ್ತು ಇನ್ನೊಂದು ಕೋಟ್ ಬಳಿ. ಹಸಿ ಇರುವಾಗಲೇ ಮರಳು ಜರಡಿ ಹಿಡಿದು ಉದುರಿಸು. ರಾಗಿಹಿಟ್ಟಿನ ಜರಡಿ ಮುಟ್ಟಿದ್ರೆ ರಾತ್ರಿ ಮುದ್ದೆ ಇಲ್ಲ. ಒಣಗೋ ತನಕ ಕೋಳಿ ಬಿಡಬೇಡ.

ಕೊನೇ ಎರಡು ಮೊಳ ಮಾತ್ರ ನುಣ್ಣಗೇ ಇರಲಿ. ನಿಮ್ಮಪ್ಪನ ಸೈಕಲ್ಲಿನ ಮೇಲೆ ಕೂತಿದ್ದು ಬಿಟ್ರೆ, ನಾನು ಅಷ್ಟು ಜೋರಾಗಿ ಹೋಗಿದ್ದು ನಿನ್ನೆನೇ. ನಿನ್ನ ಹೆಂಡ್ತಿಗೆ ಹೇಳಬೇಡ. ಮಟ್ಟೆ ರಾಶಿ ತೆಗೀಬೇಡಿ ಅಂತ ಸಿದ್ದಬಸಪ್ಪನವರಿಗೆ ನಾನು ಆಗಲೇ ಹೇಳಿದ್ದೀನಿ.

ಅವ್ವ